ಯಾವ ಕಾಲೇಜಿಗೆ ಹೋಗಬೇಕು? ಡು ಬಾಯ್ಸ್ ಅವರ ಬದುಕಿನ ಆಯ್ಕೆಗಳು

1886ರ ಬೇಸಿಗೆ. ಹದಿನೆಂಟು ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ ಅಮೆರಿಕದ ಟೆನೆಸ್ಸಿ ರಾಜ್ಯದ ಹಳ್ಳಿಗಳಲ್ಲಿ ಶಾಲೆ ಹುಡುಕುತ್ತ ನಡೆಯುತ್ತಿದ್ದ. ಪಾಠ ಹೇಳಲು ಅವನಿಗೊಂದು ಶಾಲೆ ಬೇಕಿತ್ತು. ಶಿಕ್ಷಕರ ತರಬೇತಿ ಶಿಬಿರಕ್ಕೆ ಹೋಗಿ ಪರೀಕ್ಷೆ ಬರೆದು ಅರ್ಹತಾಪತ್ರ ಪಡೆದಿದ್ದರೂ ಕೆಲಸ ಸಿಕ್ಕಿರಲಿಲ್ಲ. ದಾರಿಯಲ್ಲಿ ಸಿಕ್ಕ ಜೋಸಿ ಎಂಬ ಹುಡುಗಿ ತಮ್ಮ ಊರಿಗೆ ಮೇಷ್ಟ್ರು ಬೇಕಾಗಿದ್ದಾರೆಂದು ಹೇಳಿದಳು. ಆ ವಿದ್ಯಾರ್ಥಿಯೇ ಮುಂದೆ ಸಮಾಜವಿಜ್ಞಾನಿ, ಲೇಖಕ, ಹೋರಾಟಗಾರ ಎಂದು ಹೆಸರಾದ ಡಬ್ಲ್ಯೂ. ಇ. ಬಿ. ಡು ಬಾಯ್ಸ್.

ಶಾಲೆಯೆಂದರೆ ಜೋಳ ತುಂಬಿಡುತ್ತಿದ್ದ ಒಂದು ಮರದ ದಿಮ್ಮಿಗಳ ಗುಡಿಸಲು. ದಿಮ್ಮಿಗಳ ನಡುವಿನ ಸಂದುಗಳೇ ಕಿಟಕಿ. ಮೂರು ಹಲಗೆ ಜೋಡಿಸಿದರೆ ಮೇಜು. ಕುರ್ಚಿಯನ್ನು ಉಳಿದುಕೊಂಡಿದ್ದ ಮನೆಯಿಂದ ಎರವಲು ತಂದು, ಪ್ರತಿ ರಾತ್ರಿ ಹಿಂದಿರುಗಿಸಬೇಕಿತ್ತು. ಮಕ್ಕಳ ಬೆಂಚುಗಳಿಗೆ ಒರಗು ಇರಲಿಲ್ಲ. ಸುಮಾರು ಮೂವತ್ತು ಮಕ್ಕಳು. ಹೊಲದ ಕೆಲಸ ಬಂದಾಗ ಕೆಲವರು ಶಾಲೆಗೆ ಬರುವುದು ನಿಲ್ಲಿಸುತ್ತಿದ್ದರು. ಆಗ ಡು ಬಾಯ್ಸ್ ಮನೆಮನೆಗೆ ಹೋಗುತ್ತಿದ್ದರು. ಓದಿನಿಂದ ಏನು ಪ್ರಯೋಜನ ಎಂಬ ಹಿರಿಯರ ಅನುಮಾನಕ್ಕೆ, ರೋಮಿನ ಸಿಸೆರೋ ವಿದ್ಯೆಯ ಪರವಾಗಿ ಆಡಿದ ಮಾತುಗಳನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ, ಊರಿನ ಉದಾಹರಣೆ ಸೇರಿಸಿ ಹೇಳುತ್ತಿದ್ದರು. ಒಂದೆರಡು ವಾರ ಹಾಜರಾತಿ ಸರಿಹೋಗುತ್ತಿತ್ತು. ಹೀಗೆ ಎರಡು ಬೇಸಿಗೆ ಪಾಠ ಹೇಳಿದರು.

ಡು ಬಾಯ್ಸ್ ಹುಟ್ಟಿದ್ದು 1868ರ ಫೆಬ್ರವರಿ 23ರಂದು, ಉತ್ತರದ ಮಸಾಚುಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ಮನೆ ಬಿಟ್ಟು ಹೋಗಿದ್ದರು. ತಾಯಿ ಕಷ್ಟಪಟ್ಟು ಬೆಳೆಸಿದರು. ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಈ ಹುಡುಗ ಕಾಲೇಜಿಗೆ ಹೋಗಬೇಕೆಂದು ಲ್ಯಾಟಿನ್, ಗ್ರೀಕ್, ಗಣಿತ ಓದಿಸಿದರು. ಹುಡುಗನ ಮನಸ್ಸು ಹಾರ್ವರ್ಡ್ ಮೇಲಿತ್ತು. ಅದಕ್ಕೆ ಹಣವಿರಲಿಲ್ಲ. ಊರಿನ ಹಿತೈಷಿಗಳು ಮತ್ತು ಚರ್ಚುಗಳು ಹಣ ಕೂಡಿಸಿ ದಕ್ಷಿಣದ ನ್ಯಾಶ್‌ವಿಲ್‌ನ ಫಿಸ್ಕ್‌ಗೆ ಕಳಿಸಿದವು. ಫಿಸ್ಕ್ 1866ರಲ್ಲಿ, ಗುಲಾಮಗಿರಿ ಮುಗಿದ ಮರುವರ್ಷವೇ, ಬಿಡುಗಡೆಯಾದ ಕಪ್ಪು ಜನರಿಗಾಗಿ ತೆರೆದ ಸಂಸ್ಥೆ. 1871ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ಗಾಯನ ತಂಡ ಊರೂರು ಸುತ್ತಿ ಹಾಡಿ ಸಂಸ್ಥೆಗೆ ಹಣ ತಂದಿತ್ತು.

ಫಿಸ್ಕ್ ಅವರ ಆಯ್ಕೆಯಾಗಿರಲಿಲ್ಲ, ಆದರೂ ಅದು ಅವರನ್ನು ಬದಲಿಸಿತು. ಬಿಳಿಯರೇ ಹೆಚ್ಚಿದ್ದ ಊರಿನಿಂದ ಬಂದ ಅವರಿಗೆ ತಮ್ಮಂತಹ ನೂರಾರು ಯುವಕ ಯುವತಿಯರ ಒಡನಾಟ ಅಲ್ಲಿ ಮೊದಲ ಬಾರಿ ಸಿಕ್ಕಿತು. 1888ರಲ್ಲಿ ಪದವಿ ಮುಗಿಸಿ ಹಾರ್ವರ್ಡ್‌ಗೆ ಹೋದಾಗ, ಫಿಸ್ಕ್ ಪದವಿ ಇದ್ದರೂ ಅಲ್ಲಿ ಮೂರನೆಯ ವರ್ಷದ ತರಗತಿಗೇ ಸೇರಬೇಕಾಯಿತು. ಅಲ್ಲಿ ಓದಿ, ಬರ್ಲಿನ್‌ನಲ್ಲಿ ಎರಡು ವರ್ಷ ಅಧ್ಯಯನ ಮಾಡಿ, 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದರು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ವ್ಯಕ್ತಿ ಅವರೇ.

ನಿಜವಾದ ಆಯ್ಕೆ ಎದುರಾದದ್ದು 1894ರಲ್ಲಿ, ಬರ್ಲಿನ್‌ನಿಂದ ಮರಳಿ ಕೆಲಸ ಹುಡುಕುವಾಗ. ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ಪ್ರಾಧ್ಯಾಪಕರಿಗೆ ಜಾಗವಿರಲಿಲ್ಲ. ಕಪ್ಪು ಜನರ ಕಾಲೇಜುಗಳಿಗೆ ಪತ್ರ ಬರೆದರು. ಮೊದಲು ಓಹಾಯೋ ರಾಜ್ಯದ ವಿಲ್ಬರ್‌ಫೋರ್ಸ್ ಕರೆಯಿತು, ಗ್ರೀಕ್ ಮತ್ತು ಲ್ಯಾಟಿನ್ ಕಲಿಸಲು, ಅವರು ಒಪ್ಪಿಕೊಂಡರು. ಆಮೇಲೆ ಮಿಸೌರಿಯ ಲಿಂಕನ್ ಸಂಸ್ಥೆ ಇನ್ನೂ ಹೆಚ್ಚಿನ ಸಂಬಳಕ್ಕೆ ಕರೆಯಿತು. ಕೊನೆಗೆ ಬೂಕರ್ ಟಿ. ವಾಷಿಂಗ್ಟನ್ ಅವರು ಟಸ್ಕೀಗಿಯಲ್ಲಿ ಗಣಿತ ಕಲಿಸಲು ಕರೆದರು. ಕೊಟ್ಟ ಮಾತಿನಂತೆ ಡು ಬಾಯ್ಸ್ ವಿಲ್ಬರ್‌ಫೋರ್ಸ್‌ಗೇ ಹೋದರು.

ಆದರೆ ಅಲ್ಲಿ ಹೊಂದಿಕೆಯಾಗಲಿಲ್ಲ. ಅದು ಚರ್ಚಿನ ಸಂಸ್ಥೆ. ಪ್ರಾರ್ಥನಾ ಸಭೆಗಳಿಂದ ಪಾಠಗಳು ನಿಲ್ಲುತ್ತಿದ್ದವು. ಸಭೆಯಲ್ಲಿ ತಾವು ಪ್ರಾರ್ಥನೆ ನಡೆಸಲಾರೆ ಎಂದು ಡು ಬಾಯ್ಸ್ ನೇರವಾಗಿ ಹೇಳಿಬಿಟ್ಟರು. ಸಮಾಜವಿಜ್ಞಾನವನ್ನು ತಮ್ಮ ಬಿಡುವಿನ ವೇಳೆಯಲ್ಲೇ ಕಲಿಸುತ್ತೇನೆಂದರೂ ಒಪ್ಪಿಗೆ ಸಿಗಲಿಲ್ಲ. ಎರಡು ವರ್ಷಕ್ಕೆ ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋಗಿ ಅಲ್ಲಿನ ಕಪ್ಪು ಜನರ ಬದುಕಿನ ಸಮೀಕ್ಷೆ ನಡೆಸಿದರು. 1897ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯ ಕರೆಯಿತು. ತಾವು ಕಲಿಸಬೇಕೆಂದಿದ್ದ ವಿಷಯಕ್ಕೆ ಅಲ್ಲಿ ಅವಕಾಶವಿತ್ತು. 1910ರವರೆಗೆ ಅಲ್ಲಿ ಪಾಠ ಹೇಳುತ್ತ, ವಿದ್ಯಾರ್ಥಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ಕಪ್ಪು ಜನರ ಶಾಲೆ, ಕಸುಬು, ಆರೋಗ್ಯದ ಬಗ್ಗೆ ವರ್ಷವರ್ಷವೂ ಅಧ್ಯಯನ ವರದಿ ಹೊರತಂದರು. ಈ ನಡುವೆ ಟಸ್ಕೀಗಿಯಿಂದ ಮತ್ತೆ ಆಹ್ವಾನ ಬಂದರೂ ಹೋಗಲಿಲ್ಲ.

ಈ ಅವಧಿಯಲ್ಲೇ ಅವರು ಟೆನೆಸ್ಸಿಯ ಹಳೆಯ ಹಳ್ಳಿಗೆ ಒಮ್ಮೆ ಹೋಗಿಬಂದರು. ಪಾಠ ಹೇಳಿ ಹತ್ತು ವರ್ಷವಾಗಿತ್ತು. ಗುಡಿಸಲಿನ ಜಾಗದಲ್ಲಿ ಹಲಗೆಯ ಕಟ್ಟಡ ಬಂದಿತ್ತು, ಕರಿಹಲಗೆ ಸ್ವಲ್ಪ ದೊಡ್ಡದಾಗಿತ್ತು, ಬೆಂಚುಗಳಿಗೆ ಮಾತ್ರ ಇನ್ನೂ ಒರಗು ಬಂದಿರಲಿಲ್ಲ. ನ್ಯಾಶ್‌ವಿಲ್‌ಗೆ ಹೋಗಿ ಓದಬೇಕೆಂದು ಹಂಬಲಿಸಿದ್ದ ಜೋಸಿ ಮನೆಯವರಿಗಾಗಿ ದುಡಿದು ದುಡಿದು ಸತ್ತುಹೋಗಿದ್ದಳು. ಡು ಬಾಯ್ಸ್ ಅವರಿಗೆ ನಾಲ್ಕೈದು ಕಾಲೇಜುಗಳ ನಡುವೆ ಆಯ್ಕೆಯಿತ್ತು. ಅವಳಿಗೆ ಒಂದೂ ಇರಲಿಲ್ಲ.

1903ರಲ್ಲಿ ವಾಷಿಂಗ್ಟನ್ ಅವರೊಂದಿಗಿನ ಭಿನ್ನಾಭಿಪ್ರಾಯ ಪುಸ್ತಕದ ಮೂಲಕವೇ ಹೊರಬಂತು. ಕೈಕಸುಬಿನ ಶಿಕ್ಷಣಕ್ಕೆ ಮೊದಲ ಸ್ಥಾನ ಎಂಬುದು ವಾಷಿಂಗ್ಟನ್ ಅವರ ನಿಲುವು. ಡು ಬಾಯ್ಸ್ ಕಸುಬು ಬೇಡವೆನ್ನಲಿಲ್ಲ. ಆದರೆ ಹಳ್ಳಿಶಾಲೆಗೂ ಕಸುಬಿನ ಶಾಲೆಗೂ ಶಿಕ್ಷಕರು ಎಲ್ಲಿಂದ ಬರಬೇಕು ಎಂದು ಕೇಳಿದರು. ಟಸ್ಕೀಗಿಯಲ್ಲಿ ಕಲಿಸುತ್ತಿದ್ದವರಲ್ಲೇ ಅನೇಕರು ಫಿಸ್ಕ್, ಅಟ್ಲಾಂಟಾದಂತಹ ಕಾಲೇಜುಗಳಲ್ಲಿ ಓದಿದವರು ಎಂದು ತೋರಿಸಿದರು. 1881ರಲ್ಲಿ ಟಸ್ಕೀಗಿ ಶುರುವಾದದ್ದೂ ಶಿಕ್ಷಕರನ್ನು ತಯಾರುಮಾಡುವ ಶಾಲೆಯಾಗಿಯೇ ಎಂಬುದನ್ನು ಇಲ್ಲಿ ಮರೆಯಬಾರದು. ಇಬ್ಬರೂ ಶಿಕ್ಷಕರ ಬಗ್ಗೆಯೇ ಯೋಚಿಸುತ್ತಿದ್ದರು. ಶಿಕ್ಷಕ ಎಷ್ಟು ಓದಿರಬೇಕು ಎಂಬಲ್ಲಿ ಬೇರೆಯಾದರು.

ಓದಿದ ಕಾಲೇಜು ತಪ್ಪು ಮಾಡಿದಾಗ ಡು ಬಾಯ್ಸ್ ಸುಮ್ಮನಿರಲಿಲ್ಲ. ಮಗಳು ಯೋಲಾಂಡ್ ಕೂಡ ಫಿಸ್ಕ್‌ನಲ್ಲಿ ಓದಿದಳು. 1924ರಲ್ಲಿ, ಅವಳು ಪದವಿ ಪಡೆದ ವರ್ಷ, ಅವರು ಅಲ್ಲೇ ನಿಂತು ವಿದ್ಯಾರ್ಥಿಗಳನ್ನು ಬಿಗಿಹಿಡಿದ ಆಡಳಿತವನ್ನು ಟೀಕಿಸಿದರು. ಮರುವರ್ಷ ವಿದ್ಯಾರ್ಥಿಗಳ ಮುಷ್ಕರ ನಡೆದು ಅಧ್ಯಕ್ಷರು ರಾಜೀನಾಮೆ ಕೊಟ್ಟರು. 1934ರಲ್ಲಿ ಡು ಬಾಯ್ಸ್ ಅಟ್ಲಾಂಟಾಕ್ಕೆ ಮತ್ತೆ ಬಂದು ಹತ್ತು ವರ್ಷ ಕಲಿಸಿದರು. 1963ರ ಆಗಸ್ಟ್ 27ರಂದು ಘಾನಾ ದೇಶದ ಆಕ್ರಾದಲ್ಲಿ ತೀರಿಕೊಂಡರು. ಆಗ ಅವರಿಗೆ 95 ವರ್ಷ.

ಅಭ್ಯಾಸ ಬೋಧನೆಗೆ ಶಾಲೆ ಹಂಚುವ ದಿನ ನಾವು ಬಸ್ಸು, ಕಟ್ಟಡ, ಪ್ರಯೋಗಾಲಯ ನೋಡಿ ಒಳ್ಳೆಯ ಶಾಲೆ ಸಿಗಲಿ ಎಂದು ಬಯಸುತ್ತೇವೆ. ತಪ್ಪೇನಲ್ಲ. ಡು ಬಾಯ್ಸ್ ಕೂಡ ತಮ್ಮ ವಿಷಯ ಕಲಿಸಲು ಬಿಡದ ಕಾಲೇಜನ್ನು ಬಿಟ್ಟವರೇ. ಆದರೆ ಎರವಲು ಕುರ್ಚಿಯ ಶಾಲೆಯಲ್ಲೂ ಅವರು ಹಾಜರಾತಿ ಕರೆದು ಸುಮ್ಮನೆ ಕೂರಲಿಲ್ಲ. ಬಾರದ ಮಗುವಿನ ಮನೆಗೆ ನಡೆದು ಹೋದರು. ನಮ್ಮ ತರಗತಿಗೆ ಬಾರದ ಮಗುವಿನ ಮನೆ ಯಾವುದು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?