ಬಳೆ ಮಾರುವ ನಾರಾಯಣಪ್ಪ ಕೈವಾರದ ತಾತಯ್ಯನಾದದ್ದು

ಬೆಂಗಳೂರು ದಂಡು, ಹಲಸೂರು, ಕೃಷ್ಣರಾಜಪುರದ ಕಡೆಯಿಂದ ಬರುವ ಭಕ್ತಾದಿಗಳು ಹೊಸಕೋಟೆ ದಾಟಿ ಚಿಂತಾಮಣಿ ರಸ್ತೆ ಹಿಡಿದರೆ ಕೈವಾರ ಕ್ರಾಸ್ ಸಿಗುತ್ತದೆ. ಅಲ್ಲಿಂದ ಒಳಕ್ಕೆ ಬಂದರೆ ಬೆಟ್ಟದ ಬುಡದಲ್ಲಿ ಶ್ರೀ ಕ್ಷೇತ್ರ ಕೈವಾರ. ದ್ವಾಪರಯುಗದ ಏಕಚಕ್ರಪುರ ಇದೇ ಎಂದೂ, ಭೀಮಸೇನನು ಇಲ್ಲಿ ಬಕಾಸುರನನ್ನು ಕೊಂದು ಊರ ಜನರನ್ನು ಕಾಪಾಡಿದನೆಂದೂ ಸ್ಥಳಪುರಾಣ ಹೇಳುತ್ತದೆ. ಪುರಾಣ ದೊಡ್ಡದು, ಊರು ಮಾತ್ರ ಬಡವರದು. ನದಿ ನೀರಿಲ್ಲದ ಸೀಮೆ. ಮಳೆ ಬಂದು ಕೆರೆ ತುಂಬಿದರೆ ಭತ್ತ, ಇಲ್ಲದಿದ್ದರೆ ರಾಗಿ, ಹುರುಳಿ. ಅದೂ ಕೈಕೊಟ್ಟ ವರ್ಷ ಉಪವಾಸ. ಇಂಥ ಜನಕ್ಕೆ ಅಮರನಾರೇಯಣಸ್ವಾಮಿಯೇ ದಿಕ್ಕು.

ಈ ಊರಿನಲ್ಲಿ 1726ರಲ್ಲಿ ಬಲಿಜ ಕುಲದ ಕೊಂಡಪ್ಪ, ಮುದ್ದಮ್ಮ ದಂಪತಿಗಳಿಗೆ ಸ್ವಾಮಿಯ ವರಪ್ರಸಾದವಾಗಿ ಹುಟ್ಟಿದವರು ನಾರಾಯಣಪ್ಪ. ಮನೆಯ ಕಸುಬು ಬಳೆ ವ್ಯಾಪಾರ. ಮಲಾರವನ್ನು ಹೆಗಲಿಗೇರಿಸಿ ಸುತ್ತಲ ಹಳ್ಳಿಗಳನ್ನು ತಿರುಗಬೇಕು, ರೈತರ ಹೆಣ್ಣುಮಕ್ಕಳಿಗೆ ಬಳೆ ತೊಡಿಸಬೇಕು, ದುಡ್ಡನ್ನೋ ಕಾಳನ್ನೋ ಕೇಳಿ ತರಬೇಕು. ತೊಡಿಸುವುದೇನೋ ಬರುತ್ತಿತ್ತು, ಕೇಳುವುದು ಮಾತ್ರ ಅವರಿಗೆ ಬರಲಿಲ್ಲ. ಬಾಯಲ್ಲಿ ಸದಾ ನಾರಾಯಣ ನಾಮ. ಬರಿಗೈ ಕಂಡರೆ ಬಳೆ ಇಟ್ಟುಬಿಡುವರು, ಕೊಟ್ಟಷ್ಟು ತಗೊಳ್ಳುವರು, ಕೊಡದಿದ್ದರೆ ಸುಮ್ಮನೆ ಮುಂದಕ್ಕೆ ಹೋಗುವರು ಅಂತ ಹಿರಿಯರು ಹೇಳುತ್ತಾರೆ.

ಹೀಗೆ ಮಾಡಿದರೆ ಸಂಸಾರ ನಡೆದೀತೇ? ಬಂಡವಾಳ ಕರಗಿತು. ಮನೆಯಲ್ಲಿ ಹೆಂಡತಿಯ ಬೈಗುಳ, ಬೀದಿಯಲ್ಲಿ ಜನರ ನಗು. ಆ ತಾಯಿಯನ್ನು ಗಯ್ಯಾಳಿಯೆಂದು ಚಿತ್ರಿಸುವ ರೂಢಿಯುಂಟು, ಅದು ಸರಿಯಲ್ಲ. ದೇವರ ಹೆಸರು ಹೇಳಿದರೆ ಒಲೆಯ ಮೇಲಿನ ಮಡಕೆ ತುಂಬುವುದಿಲ್ಲ, ಮಕ್ಕಳ ಹಸಿವು ನೋಡಬೇಕಾದವಳು ಆಕೆ. ನಾರಾಯಣಪ್ಪನವರಿಗೂ ಇದು ಗೊತ್ತಿತ್ತು. ಮನೆಯನ್ನು ಸಾಕಲಾಗದ ನೋವು, ನಾಮವನ್ನು ಬಿಡಲಾಗದ ಹಂಬಲ, ಇವೆರಡರ ನಡುವೆ ಅವರು ಬೆಂದುಹೋದರು.

ಆಗ ಅವರಿಗೆ ಪರದೇಶಿ ಸ್ವಾಮಿಗಳೆಂಬ ಗುರುಗಳ ದರ್ಶನವಾಯಿತು. ಗುರುಗಳು ಅಷ್ಟಾಕ್ಷರಿ ಮಂತ್ರವನ್ನು ಉಪದೇಶಿಸಿ, ಒಂದು ಬೆಣಚುಕಲ್ಲನ್ನು ಕೈಗಿತ್ತು, ಇದು ಬಾಯಲ್ಲಿ ಕಲ್ಲುಸಕ್ಕರೆಯಾಗುವ ತನಕ ಜಪ ಮಾಡೆಂದು ಅಪ್ಪಣೆ ಕೊಟ್ಟರಂತೆ. ನಾರಾಯಣಪ್ಪನವರು ಬೆಟ್ಟದ ಗವಿ ಸೇರಿದರು. ಬಿಸಿಲು, ಮಳೆ, ಹಸಿವು ಒಂದನ್ನೂ ಲೆಕ್ಕಿಸದೆ ವರ್ಷಗಟ್ಟಲೆ ಕುಳಿತರು. ಕಲ್ಲು ಕರಗಿ ಸಿಹಿಯಾಯಿತೆಂಬುದು ಭಕ್ತರ ನಂಬಿಕೆ. ಗವಿಯಿಂದ ಹೊರಬಂದವರು ಯೋಗಿ ನಾರೇಯಣ ಯತೀಂದ್ರರು. ನಕ್ಕಿದ್ದ ಜನವೇ ತಾತಯ್ಯ ಎಂದು ಕರೆದು ಕಾಲಿಗೆರಗಿತು.

ತಾತಯ್ಯನವರ ಕಾಲ ಶಾಂತಿಯ ಕಾಲವೇನಲ್ಲ. ಮೊದಲು ಪಾಳೆಯಗಾರರು, ಆಮೇಲೆ 1762ರಲ್ಲಿ ಚಿಕ್ಕಬಳ್ಳಾಪುರ ಹೈದರಾಲಿಯ ವಶವಾಯಿತು. 1791ರಲ್ಲಿ ಬೆಂಗಳೂರು ಕೋಟೆಯೂ ನಂದಿದುರ್ಗವೂ ಇಂಗ್ಲಿಷರ ಪಾಲಾದವು. 1799ರಲ್ಲಿ ಟಿಪ್ಪು ಮಡಿದ. 1809ರಲ್ಲಿ ಹಲಸೂರಿನ ಬಳಿ ಇಂಗ್ಲಿಷರ ದಂಡು ಬೀಡುಬಿಟ್ಟಿತು. ಆಳುವವರು ಬದಲಾದರೂ ಕಂದಾಯ ಕಟ್ಟುವವನು ಅದೇ ರೈತ. ಲೋಕ ಹೀಗೆ ತಲೆಕೆಳಗಾಗುವುದನ್ನು ಕಣ್ಣಾರೆ ಕಂಡವರು ಕಾಲಜ್ಞಾನ ಬರೆದರೆ ಆಶ್ಚರ್ಯವೇನು! ಇದು ಗಡಿಸೀಮೆಯಾದ್ದರಿಂದ ಇಲ್ಲಿಯ ಮನೆಮಾತು ಎರಡು. ತಾತಯ್ಯನವರೂ ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದರು. ಜಾತಿಯ ಮೇಲುಕೀಳನ್ನು, ಡಂಭದ ಭಕ್ತಿಯನ್ನು ಮುಲಾಜಿಲ್ಲದೆ ಜರೆದರು. ಓದುಬರಹ ಬಾರದ ಒಕ್ಕಲು ಮಕ್ಕಳು ಆ ಪದಗಳನ್ನು ಭಜನೆಯಲ್ಲಿ ಹಾಡಿ ಹಾಡಿ ಉಳಿಸಿಕೊಂಡರು.

ನೂರಹತ್ತು ವರ್ಷಗಳ ತುಂಬುಬಾಳನ್ನು ಬಾಳಿ 1836ರಲ್ಲಿ ತಾತಯ್ಯನವರು ಕೈವಾರದಲ್ಲೇ ಜೀವಸಮಾಧಿ ಹೊಂದಿದರು. ಗುರುಪೂರ್ಣಿಮೆಗೆ ಇಲ್ಲಿ ಸಂಗೀತೋತ್ಸವ ನಡೆಯುತ್ತದೆ. ಕರ್ನಾಟಕ, ಆಂಧ್ರಗಳ ಭಜನಾ ತಂಡಗಳು ತಾಳ ತಂಬೂರಿ ಹಿಡಿದು ಬಂದು ಅವರ ಪದಗಳನ್ನು ಹಾಡುತ್ತವೆ. ಆ ದಿನಗಳಲ್ಲಿ ಬರುವವರು ಅಮರನಾರೇಯಣಸ್ವಾಮಿಯ ದರ್ಶನ, ಸಮಾಧಿಯ ದರ್ಶನ ಮುಗಿಸಿ ಬೆಟ್ಟದ ಗವಿಯನ್ನೂ ನೋಡಿಕೊಂಡು ಹೋಗುತ್ತಾರೆ.