ನಮ್ಮ ಮುತ್ತಜ್ಜಂದಿರ ದೊರೆ: ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ. ಒಬ್ಬ ಕೊಪ್ಪಳದವನು, ಒಬ್ಬ ಗಂಗಾವತಿ, ಒಬ್ಬ ಕುಷ್ಟಗಿ, ಇನ್ನೊಬ್ಬ ಯಲಬುರ್ಗಾ. ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಕನ್ನಡದಲ್ಲಿ ತಪ್ಪಿದ್ದರೆ ಮೊದಲೇ ಕ್ಷಮೆ ಕೇಳುತ್ತೇವೆ. ನಾಲ್ವರಿಗೂ ಸೀಟು ಸಿಕ್ಕಿದ್ದು 371(ಜೆ) ಸರ್ಟಿಫಿಕೇಟ್ ತೋರಿಸಿ. ಫಸ್ಟ್ ಸೆಮಿಸ್ಟರಿನಲ್ಲಿ ಬೇರೆ ಜಿಲ್ಲೆಯ ಗೆಳೆಯನೊಬ್ಬ ನಿಮಗ್ಯಾಕೆ ಬೇರೆ ಕೋಟಾ ಅಂತ ಕೇಳಿದ. ತಮಾಷೆಗೇ ಕೇಳಿದ್ದು. ಆದರೆ ನಮ್ಮಲ್ಲಿ ಒಬ್ಬನಿಗೂ ನೆಟ್ಟಗೆ ಉತ್ತರ ಹೇಳಲು ಬರಲಿಲ್ಲ. ನಿಜಾಮನ ಕಾಲದಿಂದ ಹಿಂದುಳಿದಿದ್ದೇವೆ ಅಂತ ಏನೋ ಹೇಳಿ ಮುಗಿಸಿದೆವು. ನಿಜಾಮ ಅಂದರೆ ಯಾರು, ಏನು ಮಾಡಿದ ಅಂತ ಮತ್ತೆ ಕೇಳಿದ್ದರೆ ಸುಮ್ಮನಾಗಬೇಕಿತ್ತು.

ನಾಚಿಕೆಯ ವಿಷಯ ಏನೆಂದರೆ, ಒಂಬತ್ತನೇ ಕ್ಲಾಸಿನಲ್ಲಿ ನಾವು ರಷ್ಯಾದ ಕೊನೆಯ ಝಾರ್ ಎರಡನೇ ನಿಕೊಲಸ್ ಬಗ್ಗೆ ಒಂದು ಇಡೀ ಪಾಠ ಓದಿದ್ದೆವು. ಅಲ್ಲಿನ ಭೂಮಾಲೀಕರು, ಬಡ ರೈತರು, ಅಧಿಕಾರವೇ ಇಲ್ಲದ ಡೂಮಾ, ಎಲ್ಲ ಬಾಯಿಪಾಠ. ನಮ್ಮ ಮುತ್ತಜ್ಜಂದಿರನ್ನು ಆಳಿದ ದೊರೆಯ ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆದಿದ್ದೇವೆ.

ಮೀರ್ ಉಸ್ಮಾನ್ ಅಲಿ ಖಾನ್ ಹುಟ್ಟಿದ್ದು 1886ರ ಏಪ್ರಿಲ್ 6ರಂದು, ಹೈದರಾಬಾದಿನಲ್ಲಿ. ತಂದೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್. ತಂದೆ ತೀರಿಕೊಂಡಾಗ, ಅಂದರೆ 1911ರ ಆಗಸ್ಟಿನಲ್ಲಿ, ಇಪ್ಪತ್ತೈದರ ವಯಸ್ಸಿಗೆ ಗದ್ದುಗೆ ಏರಿದ. ಸಂಸ್ಥಾನ ಸಣ್ಣದಲ್ಲ. ಸುಮಾರು 82,000 ಚದರ ಮೈಲಿ, 1941ರ ಹೊತ್ತಿಗೆ 1.6 ಕೋಟಿ ಜನ, 16 ಜಿಲ್ಲೆ. ತೆಲುಗು ಮಾತಾಡುವವರು ಹೆಚ್ಚು, ಆಮೇಲೆ ಮರಾಠಿ, ಆಮೇಲೆ ಕನ್ನಡ. ಕನ್ನಡದ ಜಿಲ್ಲೆಗಳು ಅಂದರೆ ಬೀದರ, ಗುಲ್ಬರ್ಗಾ, ರಾಯಚೂರು. ಸ್ವಂತ ಅಂಚೆ, ಸ್ವಂತ ರೈಲು, ಹಾಲಿ ಸಿಕ್ಕಾ ಎಂಬ ಸ್ವಂತ ನಾಣ್ಯ ಕೂಡ ಇತ್ತು.

ಆತ ಪಟ್ಟಕ್ಕೆ ಬರುವ ಮೂರು ವರ್ಷ ಮುಂಚೆ, 1908ರಲ್ಲಿ, ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಿದ್ದರು. ಪರಿಹಾರ ಹುಡುಕಲು ಕರೆಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ನೀರು ತಡೆದು ನಿಲ್ಲಿಸಬೇಕು ಎಂಬ ಅವರ ಯೋಜನೆ ಉಸ್ಮಾನ್ ಅಲಿ ಕಾಲದಲ್ಲಿ ಕೆಲಸಕ್ಕೆ ಬಂತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಪ್ರತಿ ಇಂಜಿನಿಯರ್ಸ್ ಡೇಗೆ ನಾವು ಕೆಆರ್‌ಎಸ್ ಹೆಸರು ಹೇಳುತ್ತೇವೆ, ಇವೆರಡನ್ನು ಮರೆಯುತ್ತೇವೆ.

1918 ಒಂದು ವಿಚಿತ್ರ ವರ್ಷ. ಆ ಜುಲೈನಲ್ಲಿ ರಷ್ಯಾದಲ್ಲಿ ಝಾರನನ್ನು ಕುಟುಂಬ ಸಮೇತ ಗುಂಡಿಟ್ಟು ಕೊಂದರು. ಅದೇ ವರ್ಷ ಬ್ರಿಟಿಷರು ಮೊದಲ ಮಹಾಯುದ್ಧಕ್ಕೆ ಕೊಟ್ಟ ದೊಡ್ಡ ನೆರವಿಗಾಗಿ ನಿಜಾಮನಿಗೆ ಬೇರೆ ಯಾವ ರಾಜನಿಗೂ ಇಲ್ಲದ ಬಿರುದು ಕೊಟ್ಟರು. ಬೇರೆ ರಾಜರು ಹಿಸ್ ಹೈನೆಸ್ ಆದರೆ ಈತ ಹಿಸ್ ಎಕ್ಸಾಲ್ಟೆಡ್ ಹೈನೆಸ್. ಅದೇ ವರ್ಷವೇ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು.

ಉಸ್ಮಾನಿಯಾ ಬಗ್ಗೆ ಓದುವಾಗ ನಮಗೆ ನಿಜಕ್ಕೂ ಆಶ್ಚರ್ಯ ಆಯಿತು. ಅಲ್ಲಿ ಪಾಠ ಉರ್ದುವಿನಲ್ಲಿ. ಅದಕ್ಕಾಗಿಯೇ ಒಂದು ಅನುವಾದ ಸಂಸ್ಥೆ ಕಟ್ಟಿ, ಗಣಿತ, ವಿಜ್ಞಾನ, ವೈದ್ಯಕೀಯಕ್ಕೆ ಹೊಸ ಪದಗಳನ್ನು ಮಾಡಿ ಪುಸ್ತಕ ಬರೆಸಿದರು. 1929ರಲ್ಲಿ ಇಂಜಿನಿಯರಿಂಗ್ ಕಾಲೇಜು ಕೂಡ ಬಂತು. ಭಾರತೀಯ ಭಾಷೆಯಲ್ಲಿ ಇಂಜಿನಿಯರಿಂಗ್ ಕಲಿಸಬಹುದು ಅಂತ ಎಐಸಿಟಿಇ ಒಪ್ಪಿಗೆ ಕೊಟ್ಟದ್ದು 2021ರಲ್ಲಿ, ಕನ್ನಡದಲ್ಲಿ ಪಾಠ ಇನ್ನೂ ಸರಿಯಾಗಿ ನಡೆದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಂಸ್ಥಾನದಲ್ಲಿ ಉರ್ದು ಮಾತೃಭಾಷೆಯಾಗಿದ್ದವರು ನೂರಕ್ಕೆ ಹನ್ನೆರಡು ಜನ ಅಷ್ಟೇ. ಕೋರ್ಟು, ಕಚೇರಿ, ಕಂದಾಯ ಎಲ್ಲ ಅದೇ ಭಾಷೆಯಲ್ಲಿ. ಒಟ್ಟು ಜನರಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಕೂಡ ಇರಲಿಲ್ಲ. ಕುಷ್ಟಗಿಯ ಒಬ್ಬ ರೈತನ ಮಗ ಉಸ್ಮಾನಿಯಾಕ್ಕೆ ಹೋಗಬೇಕು ಅಂದರೆ ಮೊದಲು ಶಾಲೆ ಸಿಗಬೇಕು, ಆಮೇಲೆ ಇನ್ನೊಂದು ಭಾಷೆ ದಾಟಬೇಕು. ಇಂಗ್ಲಿಷಿನಲ್ಲಿ ಒದ್ದಾಡುವ ನಮ್ಮ ಕ್ಲಾಸಿನ ಹಳ್ಳಿ ಹುಡುಗರನ್ನು ನೋಡಿದರೆ ಇದು ಅರ್ಥ ಆಗುತ್ತದೆ.

ಇನ್ನು ಭೂಮಿಯ ಕಥೆ. ಸಂಸ್ಥಾನದ ಭೂಮಿ ಮೂರು ತರಹ. ಸುಮಾರು ಹತ್ತನೇ ಒಂದು ಭಾಗ ಸರ್ಫ್-ಎ-ಖಾಸ್, ಅಂದರೆ ನಿಜಾಮನ ಸ್ವಂತ ಖರ್ಚಿಗೆ. ಸುಮಾರು ಮೂರನೇ ಒಂದು ಭಾಗ ಜಾಗೀರುದಾರರ ಕೈಯಲ್ಲಿ. ಉಳಿದದ್ದು ದಿವಾನಿ, ಅಂದರೆ ಸರ್ಕಾರದ ನೇರ ಆಡಳಿತ. ನಮ್ಮ ರೂಮಿನಲ್ಲೇ ಇದರ ನಕ್ಷೆ ಇದೆ. ಗಂಗಾವತಿ, ಕುಷ್ಟಗಿ ರಾಯಚೂರು ಜಿಲ್ಲೆಯ ಸರ್ಕಾರಿ ತಾಲ್ಲೂಕುಗಳು. ಗಂಗಾವತಿ ಪಕ್ಕದ ಆನೆಗೊಂದಿ ಒಂದು ಪುಟ್ಟ ಅಧೀನ ಸಂಸ್ಥಾನ. ಕೊಪ್ಪಳ, ಯಲಬುರ್ಗಾ ಮಾತ್ರ ಸಾಲಾರ್ ಜಂಗ್ ಮನೆತನದ ಜಾಗೀರು. ಮುಂಡರಗಿ ಭೀಮರಾಯ 1858ರಲ್ಲಿ ಹೋರಾಡಿ ಸತ್ತ ಕೊಪ್ಪಳ ಕೋಟೆ ಇದ್ದದ್ದೂ ಅದೇ ಜಾಗೀರಿನಲ್ಲಿ. ಹೈದರಾಬಾದ್ ಟ್ರಿಪ್ಪಿಗೆ ಹೋದವರೆಲ್ಲ ಸಾಲಾರ್ ಜಂಗ್ ಮ್ಯೂಸಿಯಂ ನೋಡಿರುತ್ತೀರಿ. ಮುಸುಕು ಹೊದ್ದ ರೆಬೆಕಾ ಶಿಲ್ಪದ ಮುಂದೆ ನಾವೂ ಸೆಲ್ಫಿ ತೆಗೆದುಕೊಂಡಿದ್ದೆವು. ಆ ಮನೆತನದ ಆದಾಯ ಬರುತ್ತಿದ್ದದ್ದು ಜಾಗೀರುಗಳ ಕಂದಾಯದಿಂದ, ಅದರಲ್ಲಿ ನಮ್ಮೂರ ಜೋಳದ ಹೊಲಗಳದ್ದೂ ಸೇರಿತ್ತು ಅಂತ ಆಗ ಗೊತ್ತಿರಲಿಲ್ಲ. ಜಾಗೀರುದಾರ ದೂರದ ಹೈದರಾಬಾದಿನಲ್ಲಿ, ಊರಲ್ಲಿ ಅವನ ನೌಕರರು. ಬರ ಬಿದ್ದರೆ ಯಾರ ಹತ್ತಿರ ಹೋಗಿ ಹೇಳಬೇಕು?

ನಿಜಾಮನ ಸಂಪತ್ತಿನ ಕಥೆಗಳು ಎಲ್ಲರಿಗೂ ಗೊತ್ತು. 1937ರಲ್ಲಿ ಟೈಮ್ ಪತ್ರಿಕೆ ಮುಖಪುಟದಲ್ಲಿ ಆತನ ಚಿತ್ರ ಹಾಕಿ ಜಗತ್ತಿನ ಅತಿ ಶ್ರೀಮಂತ ಎಂದಿತು. ಜೇಕಬ್ ವಜ್ರವನ್ನು ಪೇಪರ್‌ವೇಟ್ ಮಾಡಿಕೊಂಡಿದ್ದ. ತಾನು ಮಾತ್ರ ಹಳೇ ಟೋಪಿ, ಸಾದಾ ಬಟ್ಟೆ, ಅಗ್ಗದ ಚಾರ್‌ಮಿನಾರ್ ಸಿಗರೇಟು. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೂ ದಾನ ಕೊಟ್ಟ. ವಾಟ್ಸಾಪಿನಲ್ಲಿ ಬರುವ 5,000 ಕೆಜಿ ಬಂಗಾರ ದೇಶಕ್ಕೆ ದಾನ ಕೊಟ್ಟ ಕಥೆ ಮಾತ್ರ ಸುಳ್ಳು. 1965ರಲ್ಲಿ 425 ಕೆಜಿ ಬಂಗಾರವನ್ನು ಬಡ್ಡಿ ಬರುವ ರಕ್ಷಣಾ ಬಾಂಡಿನಲ್ಲಿ ಹಾಕಿದ್ದು ನಿಜ.

ರಾಜಕೀಯದಲ್ಲಿ ಆತ ಝಾರನ ತರಹವೇ. ಅಧಿಕಾರ ಹಂಚಲು ಮನಸ್ಸಿರಲಿಲ್ಲ. ಸಭೆ ಸೇರಲು ಮೊದಲೇ ಅನುಮತಿ ಬೇಕಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟುವ ಮೊದಲೇ ನಿಷೇಧ ಬಿತ್ತು. ಅದೇ ವರ್ಷ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾದ ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಿದರು. ಅವರಲ್ಲಿ ಅನೇಕರು ನಾಗ್ಪುರಕ್ಕೆ ಹೋಗಿ ಓದು ಮುಗಿಸಿದರು, ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹ ರಾವ್ ಅವರಲ್ಲೊಬ್ಬರು. ನಮ್ಮದೇ ವಯಸ್ಸಿನವರು.

ಒಂದು ಒಳ್ಳೆ ಕೆಲಸ ನಮ್ಮ ಮನೆ ಬಾಗಿಲಲ್ಲೇ ಆಯಿತು. ತುಂಗಭದ್ರೆಯ ನೀರಿಗಾಗಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ದಶಕಗಳ ಕಾಲ ಎಳೆದಾಡಿ 1944ರಲ್ಲಿ ಒಪ್ಪಂದಕ್ಕೆ ಬಂದವು. 1945ರ ಫೆಬ್ರುವರಿ 28ರಂದು ಆ ದಂಡೆಯಲ್ಲಿ ಮದ್ರಾಸ್ ಗವರ್ನರ್, ಈ ದಂಡೆಯಲ್ಲಿ ನಿಜಾಮನ ಹಿರಿಯ ಮಗ ಆಜಮ್ ಜಾ ಅಡಿಗಲ್ಲು ಹಾಕಿದರು. ಈ ದಂಡೆ ಅಂದರೆ ಕೊಪ್ಪಳದ ಮುನಿರಾಬಾದ್. 1953ರಲ್ಲಿ ನೀರು ಹರಿಯಿತು. ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ನಾಡಾಯಿತು. ಕುಷ್ಟಗಿ, ಯಲಬುರ್ಗಾ ಎತ್ತರದಲ್ಲಿವೆ, ಕಾಲುವೆ ಅಲ್ಲಿಗೆ ಹತ್ತಲಿಲ್ಲ. ಈಗಲೂ ನಮ್ಮ ರೂಮಿನಲ್ಲಿ ಮಳೆಯ ಸುದ್ದಿ ಕೇಳಿ ಊರಿಗೆ ಫೋನ್ ಮಾಡುವವರು ಅವರಿಬ್ಬರೇ.

1947ರ ಆಗಸ್ಟ್ 15ರಂದು ನಿಜಾಮ ಭಾರತಕ್ಕೆ ಸೇರಲಿಲ್ಲ. ನವೆಂಬರಿನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಅಷ್ಟರಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿ ಹಳ್ಳಿಗಳಲ್ಲಿ ಲೂಟಿ, ಕೊಲೆ ಶುರು ಮಾಡಿದ್ದರು, ದೊರೆ ತಡೆಯಲಿಲ್ಲ. ನಮ್ಮ ಕಡೆಯವರು ಗಡಿ ದಾಟಿ ಮುಂಡರಗಿ, ಗಜೇಂದ್ರಗಡದಲ್ಲಿ ಶಿಬಿರ ಮಾಡಿಕೊಂಡು ಹೋರಾಡಿದರು. ಮುಂಡರಗಿ ಶಿಬಿರದ ಮುಂದಾಳು ಆಳವಂಡಿಯ ಶಿವಮೂರ್ತಿ ಸ್ವಾಮಿಗಳು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಸೋಲೊಪ್ಪಿದ. ಪ್ರತಿ ವರ್ಷ ಆ ದಿನ ನಾವು ಧ್ವಜ ಹಾರಿಸುತ್ತೇವೆ.

ಇಲ್ಲಿ ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಸೇನೆ ಬಂದ ಮೇಲೆ ಸೇಡಿನ ಹೆಸರಿನಲ್ಲಿ ಏನೂ ಮಾಡದ ಸಾವಿರಾರು ಮುಸ್ಲಿಮರನ್ನು ಕೊಂದರು. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 27,000ದಿಂದ 40,000 ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ನಾವು ಶಾಲೆಯಲ್ಲಿ ಇದನ್ನು ಓದಲೇ ಇಲ್ಲ. ಸೆಪ್ಟೆಂಬರ್ 17ರ ಭಾಷಣದಲ್ಲೂ ಕೇಳಿಲ್ಲ.

ಝಾರನಿಗೆ ಸಿಕ್ಕ ಅಂತ್ಯ ಈತನಿಗೆ ಸಿಗಲಿಲ್ಲ. 1949ರಲ್ಲಿ ಸರ್ಫ್-ಎ-ಖಾಸ್ ಸರ್ಕಾರಕ್ಕೆ ಸೇರಿತು, ಜಾಗೀರುಗಳು ರದ್ದಾದವು. ಆತನಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ನಿಗದಿ ಆಯಿತು. 1950ರಿಂದ 1956ರವರೆಗೆ ರಾಜಪ್ರಮುಖನಾಗಿದ್ದ. 1952ರ ಮೊದಲ ಚುನಾವಣೆಯಲ್ಲಿ, ಆತನನ್ನು ವಿರೋಧಿಸಿದ ಅದೇ ಶಿವಮೂರ್ತಿ ಸ್ವಾಮಿಗಳು ನಮ್ಮ ಭಾಗದಿಂದ ಲೋಕಸಭೆಗೆ ಹೋದರು. 1956ರ ನವೆಂಬರ್ 1ಕ್ಕೆ ಸಂಸ್ಥಾನ ಮೂರು ಪಾಲಾಗಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1967ರ ಫೆಬ್ರುವರಿ 24ರಂದು ಕಿಂಗ್ ಕೋಠಿ ಅರಮನೆಯಲ್ಲಿ ಆತ ತೀರಿಕೊಂಡ. ಹೈದರಾಬಾದಿನಲ್ಲಿ ಲಕ್ಷಾಂತರ ಜನ ಸೇರಿದ್ದರು.

ಕಳೆದ ರಜೆಯಲ್ಲಿ ನಮ್ಮಲ್ಲೊಬ್ಬ ಯಲಬುರ್ಗಾದ ಮನೆಯ ಹಳೇ ಪೆಟ್ಟಿಗೆಯಿಂದ ಒಂದು ಕಾಗದ ತಂದ. ಉರ್ದು ಬರಹ, ಕೆಳಗೆ ಹೆಬ್ಬೆಟ್ಟಿನ ಗುರುತು. ಮನೆಯಲ್ಲಿ ಯಾರಿಗೂ ಓದಲು ಬಾರದೆ ಮೂರು ತಲೆಮಾರು ಅದನ್ನು ಸುಮ್ಮನೆ ಕಾಯ್ದಿಟ್ಟಿದ್ದರು. ನಮ್ಮ ಕ್ಲಾಸ್‌ಮೇಟ್ ಒಬ್ಬನ ಅಜ್ಜ ಕನ್ನಡಕ ಹಾಕಿಕೊಂಡು ನಿಧಾನ ಓದಿ ಹೇಳಿದರು. ದೊಡ್ಡದೇನೂ ಇಲ್ಲ, ಕಂದಾಯ ಕಟ್ಟಿದ ರಸೀದಿ. ಅದರಲ್ಲಿ ಏನಿದೆ ಅಂತ ಹೆಬ್ಬೆಟ್ಟು ಒತ್ತಿದವರಿಗೂ ಗೊತ್ತಿರಲಿಲ್ಲ.

ಉಸ್ಮಾನ್ ಅಲಿ ಖಾನ್ ರಾಕ್ಷಸನೂ ಅಲ್ಲ, ವಾಟ್ಸಾಪ್ ಹೇಳುವ ದೇವರೂ ಅಲ್ಲ ಅಂತ ನಮಗನಿಸಿತು. ಆತ ಕಟ್ಟಿಸಿದ್ದು ಬಹಳ, ಆದರೆ ಹೆಚ್ಚಿನದು ರಾಜಧಾನಿಯ ಸುತ್ತಮುತ್ತ. ನಮ್ಮ ನಾಲ್ಕು ತಾಲ್ಲೂಕುಗಳಿಂದ ಕಂದಾಯ ಹೋಯಿತು, ಶಾಲೆ ಬರಲಿಲ್ಲ. ಆ ಕೊರತೆ 1948ಕ್ಕೆ ಒಂದೇ ದಿನದಲ್ಲಿ ತುಂಬಲಿಲ್ಲ, ಆಮೇಲೆ ಬಂದ ನಮ್ಮದೇ ಸರ್ಕಾರಗಳೂ ಬೇಗ ತುಂಬಲಿಲ್ಲ. ಅದಕ್ಕೇ 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಮಾಡಿ 371(ಜೆ) ತರಬೇಕಾಯಿತು.

ಕೋಟಾ ಯಾಕೆ ಅಂತ ಕೇಳಿದ ಗೆಳೆಯನಿಗೆ ಈ ಸಲ ಆ ರಸೀದಿಯ ಫೋಟೋ ತೋರಿಸಿದೆವು. ಅವನು ಸ್ವಲ್ಪ ಹೊತ್ತು ನೋಡಿ, ತನ್ನೂರಿನ ಬಗ್ಗೆಯೂ ಹೀಗೇ ಹುಡುಕಬೇಕು ಅಂದ. ಮುಂದಿನ ಸಂಚಿಕೆಗೆ ಅವನೂ ಬರೆಯುತ್ತಾನಂತೆ, ನೋಡೋಣ.