ಆಲ್ಫ್ರೆಡ್ ವೆಗೆನರ್

ಬೆಂಗಳೂರಿನ ಜಯನಗರಕ್ಕೆ ಸಮೀಪದಲ್ಲಿರುವ ಲಾಲ್‌ಬಾಗಿನ ಹೆಬ್ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದುದು. ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತ ಆ ಶಿಲೆಯು ನೋಡುವವರಿಗೆ ಅಚಲವೆಂದೇ ತೋರುತ್ತದೆ. ಆದರೆ ಅದಿರುವ ಭೂಭಾಗವೇ ದಕ್ಷಿಣ ಗೋಳಾರ್ಧದಿಂದ ಸಾವಿರಾರು ಕಿಲೋಮೀಟರು ಸರಿದು ಇಲ್ಲಿಗೆ ಬಂದಿದೆ. ಖಂಡಗಳು ಹೀಗೆ ಚಲಿಸುತ್ತವೆಂಬುದನ್ನು ಆಧಾರಸಹಿತವಾಗಿ ಪ್ರತಿಪಾದಿಸಿದ ಧೀಮಂತರು ಆಲ್ಫ್ರೆಡ್ ವೆಗೆನರ್.

ವೆಗೆನರ್ 1880ರ ನವೆಂಬರ್ 1ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದರು. ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದರೂ ಅವರ ಮನಸ್ಸು ಹವಾಮಾನಶಾಸ್ತ್ರಕ್ಕೆ ಒಲಿಯಿತು. 1906ರಲ್ಲಿ ಸೋದರ ಕುರ್ಟ್‌ರೊಡನೆ ಬಲೂನಿನಲ್ಲಿ 52 ಗಂಟೆಗಳ ಕಾಲ ಸಂಚರಿಸಿ ದಾಖಲೆ ಸ್ಥಾಪಿಸಿದರು. ಅದೇ ವರ್ಷ ಗ್ರೀನ್‌ಲೆಂಡಿನ ಹಿಮಪ್ರದೇಶದ ಅನ್ವೇಷಣೆಗೆ ತೆರಳಿದರು.

ಭೂಪಟದಲ್ಲಿ ದಕ್ಷಿಣ ಅಮೆರಿಕದ ಪೂರ್ವತೀರವೂ ಆಫ್ರಿಕದ ಪಶ್ಚಿಮತೀರವೂ ಒಡೆದ ಮಡಕೆಯ ಚೂರುಗಳಂತೆ ಹೊಂದಿಕೊಳ್ಳುವುದು ಅವರ ಕುತೂಹಲವನ್ನು ಕೆರಳಿಸಿತು. ಮೆಸೊಸಾರಸ್ ಎಂಬ ಸರೀಸೃಪದ ಪಳೆಯುಳಿಕೆಗಳು ಆ ಎರಡು ಖಂಡಗಳಲ್ಲಿಯೂ ದೊರೆತಿದ್ದವು. ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಕುರುಹುಗಳು ಭಾರತ, ಆಫ್ರಿಕ, ಆಸ್ಟ್ರೇಲಿಯಗಳಲ್ಲಿ ಕಂಡುಬಂದಿದ್ದವು. ಇವು ಮಹಾಸಾಗರವನ್ನು ದಾಟಿದುದಾದರೂ ಹೇಗೆ? ಎಲ್ಲ ಖಂಡಗಳೂ ಒಮ್ಮೆ ಒಂದೇ ಭೂರಾಶಿಯಾಗಿದ್ದು ಅನಂತರ ಬೇರ್ಪಟ್ಟಿರಬೇಕೆಂದು ವೆಗೆನರ್ ತರ್ಕಿಸಿದರು. 1912ರಲ್ಲಿ ಈ ವಾದವನ್ನು ವಿದ್ವಾಂಸರ ಮುಂದಿಟ್ಟು, 1915ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಭೂವಿಜ್ಞಾನಿಗಳಲ್ಲಿ ಹಲವರು ಇದನ್ನು ಅಪಹಾಸ್ಯ ಮಾಡಿದರು. ಖಂಡಗಳನ್ನು ತಳ್ಳುವ ಶಕ್ತಿ ಯಾವುದೆಂಬ ಪ್ರಶ್ನೆಗೆ ವೆಗೆನರ್ ಸಮರ್ಪಕವಾದ ಉತ್ತರ ಕೊಡಲಾಗಲಿಲ್ಲ. ಆದರೂ ಅವರು ಎದೆಗುಂದದೆ ಹೊಸ ಹೊಸ ಆಧಾರಗಳನ್ನು ಸಂಗ್ರಹಿಸಿ ಗ್ರಂಥವನ್ನು ಪರಿಷ್ಕರಿಸುತ್ತ ಹೋದರು.

1930ರಲ್ಲಿ ಅವರು ಮತ್ತೆ ಗ್ರೀನ್‌ಲೆಂಡಿಗೆ ಹೋದರು. ಹಿಮದ ನಡುವಿನ ಶಿಬಿರದಲ್ಲಿದ್ದ ಸಂಗಡಿಗರಿಗೆ ನೆರವಾಗಲು ಕೊರೆಯುವ ಚಳಿಯಲ್ಲಿ ಸುಮಾರು 400 ಕಿಲೋಮೀಟರು ಕ್ರಮಿಸಿದರು. ತಮ್ಮ 50ನೆಯ ಹುಟ್ಟುಹಬ್ಬದಂದು ಅಲ್ಲಿಂದ ಹಿಂದಿರುಗಿ ಹೊರಟವರು ದಾರಿಯಲ್ಲಿಯೇ ಅಸುನೀಗಿದರು. ಜೊತೆಗಿದ್ದ ಗ್ರೀನ್‌ಲೆಂಡಿನ ತರುಣ ರಾಸ್ಮುಸ್ ವಿಲ್ಲುಮ್ಸನ್ ಅವರ ದೇಹವನ್ನು ಹಿಮದಲ್ಲಿ ಹುದುಗಿಸಿ ಮುಂದೆ ನಡೆದನು. ಅವನು ಎಂದಿಗೂ ಪತ್ತೆಯಾಗಲಿಲ್ಲ.

1960ರ ದಶಕದಲ್ಲಿ ಸಾಗರತಳದ ಸಂಶೋಧನೆಗಳು ಖಂಡಗಳ ಚಲನೆಯನ್ನು ದೃಢಪಡಿಸಿದವು. ಭಾರತವು ಮಡಗಾಸ್ಕರಿನಿಂದ ಬೇರ್ಪಟ್ಟ ಕಾಲದ ಲಾವಾಶಿಲೆಗಳನ್ನು ಮಲ್ಪೆಯ ಬಳಿಯ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಇಂದಿಗೂ ಕಾಣಬಹುದು. ನಮ್ಮ ನೆಲವು ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರು ಈಶಾನ್ಯದತ್ತ ಸರಿಯುತ್ತಿದೆ. ಸತ್ಯಕ್ಕೆ ಮನ್ನಣೆ ದೊರೆಯುವುದು ತಡವಾದರೂ ಅದನ್ನು ಅರಸಿದವರ ಶ್ರಮ ವ್ಯರ್ಥವಾಗುವುದಿಲ್ಲವೆಂಬುದಕ್ಕೆ ವೆಗೆನರ್ ಅವರ ಬಾಳೇ ನಿದರ್ಶನ.